ಟಿವಿಯಲ್ಲಿ ನೋಡಿದ ಗಣಿ ಊರಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಗೋವಾದ ವಾಸ್ಕೋದಲ್ಲಿ ಇರುವವರು, ಮೂಲ ಬಾಗಲಕೋಟೆ ಕಡೆ. ಡಿಸ್ಕವರಿ ಚಾನೆಲ್‌ನ ‘ಎಡ್ಜ್ ಆಫ್ ಅಲಾಸ್ಕಾ’ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೆವು. ಅದರಲ್ಲಿ ಬರುವ, ಅಮೆರಿಕದ ಅಲಾಸ್ಕಾದಲ್ಲಿರುವ ಮೆಕಾರ್ಥಿ ಅನ್ನುವ ಹಳೇ ಗಣಿ ಊರು ಇನ್ನೂ ತಲೆಯಲ್ಲೇ ಕೂತಿದೆ. ಮಗ ಈಗ ಸಿಯಾಟಲ್‌ನಲ್ಲಿ ಇದ್ದಾನೆ. ಬರುವ ವರ್ಷ ಅವನ ಹತ್ತಿರ ಹೋದಾಗ ಅಲ್ಲಿಗೂ ಹೋಗಿ ಬರುವ ಆಸೆ. ಜೊತೆಗೆ 68 ವರ್ಷದ ಅತ್ತೆ ಇರುತ್ತಾರೆ. ಮೊಣಕಾಲು ನೋವು, ಶುದ್ಧ ಸಸ್ಯಾಹಾರಿ. ಊರು ಟಿವಿಯಲ್ಲಿ ತೋರಿಸಿದಷ್ಟು ಭಯಂಕರವಾ? ಹೋಗೋದು ಹೇಗೆ? ಇನ್ನೊಂದು ಮಾತು. ನಮ್ಮ ಯಜಮಾನರು 2012ರ ತನಕ ಉಸಗಾಂವ್ ಕಡೆ ಗಣಿಯ ಟಿಪ್ಪರ್ ಓಡಿಸುತ್ತಿದ್ದರು. “ಅವರು ಮುಚ್ಚಿದ ಗಣಿ ತೋರಿಸಿ ದುಡ್ಡು ಮಾಡ್ತಾರೆ, ನಮ್ಮ ಗೋವಾದಲ್ಲಿ ಯಾಕೆ ಆಗಲ್ಲ?” ಅಂತ ಕೇಳುತ್ತಾರೆ.

ಉತ್ತರ: ಹೋಗಿ ಬನ್ನಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಆದರೆ ಟಿವಿಯಲ್ಲಿ ಕಂಡಿದ್ದನ್ನು ಹುಡುಕಿಕೊಂಡು ಹೋಗಬೇಡಿ, ಒಂದೇ ದಿನಕ್ಕೆ ಮುಟ್ಟಿ ಬರುವ ಲೆಕ್ಕವನ್ನೂ ಹಾಕಬೇಡಿ. ಕಮ್ಮಿ ಅಂದರೂ 3 ರಾತ್ರಿ ಇಡಿ.

ನಾನು ಯಾರು ಅಂತ ಎರಡು ಮಾತು. ಸಂಡೂರಿನವನು. ಮೊದಲು ಅಲ್ಲಿನ ಮ್ಯಾಂಗನೀಸ್ ಗಣಿಯಲ್ಲಿ, ಆಮೇಲೆ ಗೋವಾದ ಕಬ್ಬಿಣದ ಅದಿರಿನ ಗಣಿಗಳಲ್ಲಿ ಒಟ್ಟು 30 ವರ್ಷಕ್ಕೂ ಜಾಸ್ತಿ ಮಣ್ಣು ತಿಂದವನು. ಈಗ ಫೋಂಡಾದಲ್ಲಿ ಮನೆ. ಕೆಲವು ವರ್ಷಗಳ ಹಿಂದೆ ಮಗಳು ಅಳಿಯನ ಜೊತೆ ಮೆಕಾರ್ಥಿಗೆ ಹೋಗಿ 4 ರಾತ್ರಿ ಇದ್ದು ಬಂದೆ. ನಿಮ್ಮ ಯಜಮಾನರ ಪ್ರಶ್ನೆಯೇ ನನ್ನ ತಲೆಯಲ್ಲೂ ಇತ್ತು, ಹಾಗಾಗಿ ಅದಕ್ಕೆ ಕೊನೆಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಟಿವಿ ವಿಷಯ. ಆ ಕಾರ್ಯಕ್ರಮ 2014ರಿಂದ 2017ರವರೆಗೆ 4 ಸೀಸನ್ ಬಂತು. ಊರನ್ನು ಬೆಳೆಸಬೇಕು ಅನ್ನುವವರಿಗೂ ಇದ್ದ ಹಾಗೇ ಇರಲಿ ಅನ್ನುವವರಿಗೂ ನಡೆಯುವ ಎಳೆದಾಟವೇ ಅದರ ಕಥೆ. ಆ ಎಳೆದಾಟ ಪೂರ್ತಿ ಸುಳ್ಳಲ್ಲ. ರಸ್ತೆ ಬರುವ ಯಾವ ಊರಲ್ಲಿ ಅದಿಲ್ಲ ಹೇಳಿ? ಆದರೆ ಹಿಂದೆ ಬಾರಿಸುವ ಆ ಢಂ ಢಂ ಸಂಗೀತ, ಎಲ್ಲರ ಮುಖದಲ್ಲೂ ಈಗಲೋ ಆಗಲೋ ಹೊಡೆದಾಡುವ ಕಳೆ, ಇವೆಲ್ಲ ಎಡಿಟಿಂಗ್ ಟೇಬಲ್ಲಿನ ಕೈಚಳಕ. ನಾನು ಹೋದಾಗ ಕಂಡಿದ್ದು ಒಂದೇ ಒಂದು ಧೂಳಿನ ಬೀದಿ, ಅಡ್ಡ ಮಲಗಿದ ನಾಯಿಗಳು, ಐಸ್‌ಕ್ರೀಮ್ ತಿನ್ನುವ ಮಕ್ಕಳು, ಬೇಸಿಗೆ ಕೆಲಸಕ್ಕೆ ಬಂದ ಕಾಲೇಜು ಹುಡುಗರು. 2010ರ ಜನಗಣತಿಯಲ್ಲಿ ಅಲ್ಲಿದ್ದವರು 28 ಮಂದಿ. ನಿಮ್ಮ ಬಿಲ್ಡಿಂಗಿನ ಒಂದು ಮಹಡಿಯಲ್ಲೇ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಇಷ್ಟು ಕಮ್ಮಿ ಜನ ಇರುವ ಕಡೆ ಚಳಿಗಾಲದಲ್ಲಿ ಒಬ್ಬರಿಗೊಬ್ಬರು ಆಗಲೇಬೇಕು. ದಿನಾ ಜಗಳ ಮಾಡಿಕೊಂಡರೆ ಹಿಮದಲ್ಲಿ ಸಿಕ್ಕಿಕೊಂಡ ಗಾಡಿ ತಳ್ಳುವವರು ಯಾರು?

ಭಯಂಕರ ಅನ್ನುವುದು ಇಲ್ಲವೇ ಇಲ್ಲ ಅಂತಲ್ಲ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ, ಕರಡಿ ಇದೆ, ನದಿಯ ನೀರು ಮಂಜುಗಡ್ಡೆ ಕರಗಿ ಬಂದಿದ್ದು. ಆದರೆ ಅದು ಊರಿನವರ ಗುಣ ಅಲ್ಲ, ಜಾಗದ ಗುಣ.

ಟಿವಿಯಲ್ಲಿ ಸರಿಯಾಗಿ ಕಾಣದೆ ಹೋದದ್ದು ಗಣಿ. ನನ್ನ ಪ್ರಕಾರ ನೋಡಬೇಕಾದದ್ದೇ ಅದು. ಗಣಿ ಇದ್ದದ್ದು ಮೆಕಾರ್ಥಿಯಲ್ಲಿ ಅಲ್ಲ, ಅಲ್ಲಿಂದ ಸುಮಾರು 8 ಕಿ.ಮೀ. ಮೇಲಿರುವ ಕೆನೆಕಾಟ್‌ನಲ್ಲಿ. ಈ ಹೆಸರಿನದ್ದೂ ಒಂದು ತಮಾಷೆ ಇದೆ. ಪಕ್ಕದ ಹಿಮನದಿಗೆ ರಾಬರ್ಟ್ ಕೆನಿಕಾಟ್ ಎಂಬ ಅನ್ವೇಷಕರ ಹೆಸರಿಟ್ಟಿದ್ದರು. ಕಂಪನಿ ಹೆಸರು ಬರೆಯುವಾಗ ಕಾಗುಣಿತ ತಪ್ಪಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗುಡಿಸು ಇರಬೇಕಾದ ಕಡೆ ಎತ್ವ ಬಂತು. ತಪ್ಪು ಹಾಗೇ ಉಳಿಯಿತು. ಇವತ್ತಿಗೂ ಹಿಮನದಿಗೆ ‘ನಿ’, ಗಣಿಗೆ ‘ನೆ’.

1900ರ ಬೇಸಿಗೆಯಲ್ಲಿ ಇಬ್ಬರು ಅದಿರು ಹುಡುಕುವವರು ಆ ಕಡೆ ಅಲೆಯುತ್ತಿದ್ದರು. ದೂರದ ಬೆಟ್ಟದ ಮೇಲೆ ಹಸಿರು ಪಟ್ಟೆ ಕಂಡಿತು. ಕುದುರೆಗಳಿಗೆ ಒಳ್ಳೇ ಹುಲ್ಲು ಸಿಕ್ಕಿತು ಅಂದುಕೊಂಡು ಹತ್ತಿದರೆ ಅದು ಹುಲ್ಲಲ್ಲ, ತಾಮ್ರ! ದೇವಸ್ಥಾನದ ಹಳೇ ತಾಮ್ರದ ಕೊಡಕ್ಕೆ ಹಸಿರು ಕಿಲುಬು ಹಿಡಿಯುತ್ತದಲ್ಲ, ಅದೇ ಬಣ್ಣ ಇಡೀ ಗುಡ್ಡಕ್ಕೆ. ಅಲ್ಲಿನ ಮುಖ್ಯ ಅದಿರು ಚಾಲ್ಕೊಸೈಟ್. ಶುದ್ಧವಾಗಿದ್ದರೆ ಅದರ ತೂಕದಲ್ಲಿ ಸುಮಾರು 80% ತಾಮ್ರವೇ. ಈಗ ಪ್ರಪಂಚದ ದೊಡ್ಡ ದೊಡ್ಡ ತಾಮ್ರದ ಗಣಿಗಳು 1%ಗಿಂತ ಕಮ್ಮಿ ಇರುವ ಕಲ್ಲನ್ನು ಒಡೆದು ಜೀವನ ಮಾಡುತ್ತಿವೆ. ಹಾಗಾಗಿ ಇದು ಎಂಥ ಲಾಟರಿ ಅಂತ ನೀವೇ ಊಹಿಸಿ.

ಲಾಟರಿ ಸಿಕ್ಕಿತು ಸರಿ, ತರುವುದು ಹೇಗೆ? ಸಮುದ್ರಕ್ಕೆ ದಾರಿಯೇ ಇಲ್ಲ. ಸ್ಟೀಫನ್ ಬರ್ಚ್ ಎಂಬ ಯುವ ಎಂಜಿನಿಯರ್ ಹಕ್ಕುಗಳನ್ನು ಕೊಂಡರು. ಗುಗೆನ್‌ಹೈಮ್ ಕುಟುಂಬ ಮತ್ತು ಜೆ.ಪಿ. ಮಾರ್ಗನ್ ಹಣ ಹಾಕಿದರು. ಕಾರ್ಡೋವಾ ಬಂದರಿನಿಂದ ಗಣಿಯವರೆಗೆ 196 ಮೈಲಿ, ಅಂದರೆ ಸುಮಾರು 315 ಕಿ.ಮೀ. ರೈಲು ದಾರಿ ಹಾಕಿದರು. 1911ರಲ್ಲಿ ಮುಗಿಯಿತು. ಆ ಕಾಲಕ್ಕೆ 2.3 ಕೋಟಿ ಡಾಲರ್ ಖರ್ಚು. ಆ ರೈಲ್ವೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಹಿಡಿದುಕೊಂಡು ಜನ “ಇದು ಓಡೋದಿಲ್ಲ, ಯಾವತ್ತೂ ಓಡಲ್ಲ” ಅಂತ ಅರ್ಥ ಕಟ್ಟಿ ನಗುತ್ತಿದ್ದರಂತೆ. ಓಡಿತು. 27 ವರ್ಷ ಓಡಿತು. ಒಟ್ಟು 20 ಕೋಟಿ ಡಾಲರ್ ಬೆಲೆಯ ಅದಿರು ಕೆಳಗಿಳಿಯಿತು.

ಕೆನೆಕಾಟ್‌ನ ಮಿಲ್ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಗುಡ್ಡಕ್ಕೆ ಒರಗಿಸಿ ಕಟ್ಟಿದ 14 ಅಂತಸ್ತಿನ ಮರದ ಕಟ್ಟಡ. ಕೆಂಪು ಬಣ್ಣ, ಬಿಳಿ ಅಂಚು. ಮೇಲಿನ ಗಣಿಗಳಿಂದ ಅದಿರು ರೋಪ್‌ವೇ ಬಕೆಟ್‌ಗಳಲ್ಲಿ ತುದಿಗೆ ಬಂದು ಬೀಳುತ್ತಿತ್ತು. ಅಲ್ಲಿಂದ ಒಡೆಯುತ್ತಾ, ಜಾಲಿಸುತ್ತಾ, ಬೇರೆ ಮಾಡುತ್ತಾ, ತನ್ನ ಭಾರಕ್ಕೆ ತಾನೇ ಅಂತಸ್ತು ಅಂತಸ್ತಾಗಿ ಇಳಿದು, ಕೆಳಗೆ ನಿಂತ ರೈಲಿಗೆ ಬರುವಷ್ಟರಲ್ಲಿ ಚೀಲಕ್ಕೆ ತುಂಬುವ ಮಾಲು ತಯಾರು. ಪಂಪ್ ಹಾಕಿ ಮೇಲಕ್ಕೆ ಎತ್ತುವ ತಾಪತ್ರಯವೇ ಇಲ್ಲ. ನಮ್ಮ ಗೋವಾದ ಪ್ಲಾಂಟುಗಳಲ್ಲಿ ಕನ್ವೇಯರ್ ಬೆಲ್ಟ್ ಹರಿದು ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ಇದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಇನ್ನೊಂದು ಚಂದದ ವಿಷಯ. ಜರಡಿಯಲ್ಲಿ, ನೀರಿನಲ್ಲಿ ಸಿಗದೆ ತಪ್ಪಿಸಿಕೊಂಡು ಹೋಗುವ ತಾಮ್ರ ಇರುತ್ತದಲ್ಲ, ಅದನ್ನು ಸಾಮಾನ್ಯವಾಗಿ ಆ್ಯಸಿಡ್‌ನಲ್ಲಿ ಕರಗಿಸಿ ತೆಗೆಯುತ್ತಾರೆ. ಆದರೆ ಇಲ್ಲಿನ ಕಲ್ಲು ಸುಣ್ಣಕಲ್ಲು. ಸುಣ್ಣಕಲ್ಲಿಗೆ ಆ್ಯಸಿಡ್ ಸುರಿದರೆ ಆ್ಯಸಿಡ್ಡೇ ಖಾಲಿ. ಅದಕ್ಕೇ ಅವರು ಅಮೋನಿಯಾ ಬಳಸಿದರು. ಆಗ ಇಷ್ಟು ದೊಡ್ಡ ಮಟ್ಟದಲ್ಲಿ ಅದು ಹೊಸ ಪ್ರಯೋಗ. ಆ ಅಮೋನಿಯಾ ಕಟ್ಟಡ ಈಗಲೂ ನಿಂತಿದೆ. ಗೈಡ್ ಅದನ್ನು ಎರಡು ನಿಮಿಷದಲ್ಲಿ ದಾಟಿಸಿಬಿಡುತ್ತಾನೆ. ನೀವು ನಿಲ್ಲಿಸಿ ಕೇಳಿ.

ಈಗ ನಾನು ಪೆದ್ದನಾದ ಕಥೆ. ಕೆನೆಕಾಟ್‌ನ ಬೀದಿಯಲ್ಲಿ ನಿಂತು ಕಣಿವೆ ಕಡೆ ನೋಡಿದರೆ ಕಣ್ಣು ಹರಿದಷ್ಟೂ ಬೂದು ಬಣ್ಣದ ಕಲ್ಲು ಮಣ್ಣಿನ ದಿಬ್ಬಗಳು. ನಾನು ಗೋವಾದ ಮನುಷ್ಯ ಅಲ್ವಾ, ಗಣಿಯ ಬೇಡದ ಮಣ್ಣು ಸುರಿದ ಗುಡ್ಡೆಗೆ ನಾವು ಡಂಪ್ ಅನ್ನುತ್ತೇವೆ. ನೋಡಿದ ತಕ್ಷಣ ಅಳಿಯನಿಗೆ ಹೇಳಿದೆ: “ನೋಡಪ್ಪಾ, ಎಷ್ಟು ರಿಜೆಕ್ಟ್ ಡಂಪ್ ಸುರಿದು ಹೋಗಿದ್ದಾರೆ, ಇಲ್ಲೂ ಕೇಳುವವರಿಲ್ಲ.” ಪಕ್ಕದಲ್ಲಿ ನಿಂತಿದ್ದ ಪಾರ್ಕಿನ ರೇಂಜರ್‌ಗೆ ಕನ್ನಡ ಬರದಿದ್ದರೂ ನನ್ನ ಕೈ ತೋರಿದ್ದು ಅರ್ಥ ಆಯಿತು. ಆಕೆ ನಕ್ಕು, ಅದು ಡಂಪ್ ಅಲ್ಲ, ಹಿಮನದಿ ಅಂದರು. ಕೆನಿಕಾಟ್ ಹಿಮನದಿ ಬೆಟ್ಟಗಳನ್ನು ಉಜ್ಜಿಕೊಂಡು ಬರುವಾಗ ಕಲ್ಲು ಮಣ್ಣನ್ನೆಲ್ಲ ಮೇಲೆ ಹೊದ್ದುಕೊಂಡಿದೆ. ಕೆಳಗಿರುವುದು ಮಂಜುಗಡ್ಡೆ. ಗಣಿ ನಡೆಯುವ ಕಾಲದಲ್ಲಿ ಆ ಮಂಜು ಇನ್ನೂ ಎತ್ತರ ಇತ್ತಂತೆ, ಕಣಿವೆಯ ಆಚೆ ಬದಿಯೇ ಕಾಣುತ್ತಿರಲಿಲ್ಲವಂತೆ. ಈಗ ಕರಗಿ ಇಷ್ಟು ಕೆಳಗೆ ಇಳಿದಿದೆ. ಸಂಜೆ ಸುಮ್ನೆ ಕೂತರೆ ಆಗಾಗ ಕಲ್ಲು ಉರುಳುವ ಸದ್ದು ಕೇಳುತ್ತದೆ. 30 ವರ್ಷ ಡಂಪ್ ನೋಡಿದವನಿಗೆ ಹಿಮನದಿ ಗುರುತು ಸಿಗಲಿಲ್ಲ ಅಂತ ಅಳಿಯ ಈಗಲೂ ಕಾಲೆಳೆಯುತ್ತಾನೆ.

ಮೆಕಾರ್ಥಿ ಹುಟ್ಟಿದ್ದು ಹೇಗೆ ಅಂದರೆ, ಗೋವಾದವರಿಗೆ ಒಂದೇ ವಾಕ್ಯದಲ್ಲಿ ಅರ್ಥವಾಗುತ್ತದೆ. ಕಾರವಾರದಿಂದ ಬರುವಾಗ ಗೋವಾ ಗಡಿಯ ಪೋಳೆ ಚೆಕ್‌ಪೋಸ್ಟ್ ದಾಟಿದ ಕೂಡಲೇ ಬಾರ್‌ಗಳ ಸಾಲು ಯಾಕೆ ಶುರುವಾಗುತ್ತದೆಯೋ, ಅದಕ್ಕೇ ಮೆಕಾರ್ಥಿ. ಕೆನೆಕಾಟ್ ಕಂಪನಿ ಊರು. ಅಲ್ಲಿ ಹೆಂಡ ಇಲ್ಲ, ಜೂಜಿಲ್ಲ, ಮೋಜಿಲ್ಲ. ಗಣಿಯಲ್ಲೂ ಮಿಲ್ಲಿನಲ್ಲೂ ಸೇರಿ ಐನೂರು ಆರುನೂರು ಜನ, ವಾರಕ್ಕೆ 7 ದಿನ ದುಡಿತ. ಸಂಬಳ ಮಾತ್ರ ಅಮೆರಿಕದ ಬೇರೆ ರಾಜ್ಯಗಳಿಗಿಂತ ಚೆನ್ನಾಗಿತ್ತು. ಆ ಸಂಬಳ ಖರ್ಚಾಗಲು ಒಂದು ಜಾಗ ಬೇಕಲ್ಲ? 8 ಕಿ.ಮೀ. ಕೆಳಗೆ ಹೆಂಡದಂಗಡಿ, ಹೋಟೆಲು, ವೇಶ್ಯೆಯರ ಮನೆಗಳು ಎದ್ದು ನಿಂತವು. ಇವತ್ತು ಪ್ರವಾಸಿಗಳು ಕೂತು ಬಿಯರ್ ಕುಡಿಯುವ ಬೀದಿ ಅದೇ.

ಒಳ್ಳೇ ಅದಿರು ತೀರಿತು, ತಾಮ್ರದ ಬೆಲೆ ಬಿತ್ತು. 1938ರ ನವೆಂಬರಿನಲ್ಲಿ ಕೊನೆಯ ರೈಲು ಹೊರಟಿತು. ಅದು ಹೋದ ಮೇಲೆ ಇನ್ನೊಂದು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹೊರಲು ಆದದ್ದನ್ನು ಹಿಡಿದು ಹತ್ತಿದರು, ಮಿಕ್ಕಿದ್ದು ಅಲ್ಲೇ. ಆಮೇಲೆ ಕೆಲವು ವರ್ಷ ಕಾವಲಿಗೆ ಅಂತ ಒಂದೇ ಒಂದು ಕುಟುಂಬ ಇಡೀ ಊರಿನಲ್ಲಿ ಇತ್ತು. 1960ರ ದಶಕದಲ್ಲಿ ಕೆಡವಿಬಿಡೋಣ ಅಂತ ಗುತ್ತಿಗೆಯನ್ನೂ ಕೊಟ್ಟಿದ್ದರು. ಕೆಲವು ಕಟ್ಟಡ ಹೋದವು, ಪುಣ್ಯಕ್ಕೆ ಪೂರ್ತಿ ಹೋಗಲಿಲ್ಲ. 1980ರಲ್ಲಿ ಸುತ್ತಲಿನ ಪ್ರದೇಶ ರಾಂಗಲ್-ಸೇಂಟ್ ಇಲಾಯಸ್ ರಾಷ್ಟ್ರೀಯ ಉದ್ಯಾನ ಆಯಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, 1.3 ಕೋಟಿ ಎಕರೆಗಿಂತ ಜಾಸ್ತಿ. ಇಡೀ ಗೋವಾ 10 ಲಕ್ಷ ಎಕರೆಯೂ ಇಲ್ಲ. ಮಿಲ್ಲು ಮತ್ತು ಊರಿನ ಬಹುಪಾಲನ್ನು 1998ರಲ್ಲಿ ಸರ್ಕಾರ ಕೊಂಡಿತು.

ಇನ್ನು ದಾರಿ. ಸಿಯಾಟಲ್‌ನಿಂದ ಅಲಾಸ್ಕಾದ ದೊಡ್ಡ ಊರು ಆಂಕರೇಜ್‌ಗೆ ವಿಮಾನದಲ್ಲಿ ಮೂರೂವರೆ ಗಂಟೆ. ಆಂಕರೇಜ್‌ನಿಂದ ಮೆಕಾರ್ಥಿಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ. ಮೊದಲ 400 ಕಿ.ಮೀ. ಒಳ್ಳೇ ಡಾಂಬರು, ಪಕ್ಕದಲ್ಲಿ ಹಿಮದ ಬೆಟ್ಟಗಳು, ಅಲ್ಲಿ ಹಾಡು ಹಾಕಿಕೊಂಡು ಆರಾಮಾಗಿ ಹೋಗಿ. ಚಿಟಿನಾ ಎಂಬ ಪುಟ್ಟ ಊರು ದಾಟಿದ ಮೇಲೆ ಶುರುವಾಗುವುದೇ ಮೆಕಾರ್ಥಿ ರಸ್ತೆ. 60 ಮೈಲಿ, ಹೆಚ್ಚುಪಾಲು ಜಲ್ಲಿ. ಅದು ರಸ್ತೆ ಅಂತ ಹಾಕಿದ್ದಲ್ಲ. ಹಳೇ ರೈಲು ಹಳಿ ಕಿತ್ತು, ಅದರ ದಿಂಡಿನ ಮೇಲೆ ಜಲ್ಲಿ ಹರಡಿದ್ದು. ಹಳಿಗೆ ಹೊಡೆದ ಕಬ್ಬಿಣದ ಮೊಳೆಗಳು ಈಗಲೂ ಮಳೆ ಬಂದಾಗ ತಲೆ ಎತ್ತುತ್ತವೆ. 1938ರಲ್ಲಿ ನಿಂತ ರೈಲು ಇವತ್ತಿಗೂ ಟೈರ್ ಪಂಕ್ಚರ್ ಮಾಡುತ್ತಿದೆ! ನಮ್ಮದೂ ಆಯಿತು. ಹೋಗುವಾಗ ಅಲ್ಲ, ಬರುವಾಗ, ಇನ್ನೇನು ಚಿಟಿನಾ ಬಂತು ಅನ್ನುವಾಗ.

ಇಲ್ಲಿ ಒಂದು ಎಚ್ಚರಿಕೆ. ಬಾಡಿಗೆ ಕಾರಿನ ಹಲವು ಕಂಪನಿಗಳು ಈ ರಸ್ತೆಗೆ ಒಪ್ಪುವುದಿಲ್ಲ. ಒಪ್ಪಂದದ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಮೊದಲು ಮಾತಾಡಿದ ಕಂಪನಿ ಹಾಗೇ ಮಾಡಿತ್ತು. ಮಗಳು ರಾತ್ರಿ ಕೂತು ಓದಿದ್ದರಿಂದ ಬಚಾವಾದೆವು. ಜಲ್ಲಿ ರಸ್ತೆಗೆ ಅಂತಲೇ ಗಾಡಿ ಕೊಡುವವರು ಬೇರೆ ಇದ್ದಾರೆ, ಬಾಡಿಗೆ ಜಾಸ್ತಿ. ಅದು ಬೇಡವಾದರೆ ಚಿಟಿನಾದವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಹಾರಬಹುದು. ನಿಮ್ಮ ಅತ್ತೆಯವರ ಮೊಣಕಾಲನ್ನು ನೆನೆದರೆ ನಾನು ಹೇಳುವುದು ಇದನ್ನೇ. ಒಂದು ದಿಕ್ಕಿಗೆ ಅವರು, ನೀವು ಹಾರಿ. ಯಜಮಾನರು, ಮಗ ಕಾರು ತರಲಿ. ಟಿಪ್ಪರ್ ಓಡಿಸಿದ ಕೈಗೆ ಆ ರಸ್ತೆ ಏನೂ ಅಲ್ಲ. ಗಂಟೆಗೆ 50 ಕಿ.ಮೀ. ದಾಟಿಸದಿದ್ದರೆ ಸಾಕು. ಕುಸ್ಕುಲಾನಾ ಸೇತುವೆಯ ಹತ್ತಿರ ಮಾತ್ರ ನಿಲ್ಲಿಸಲಿ. 1910ರ ರೈಲು ಸೇತುವೆ, ಒಂದೇ ಗಾಡಿ ಹೋಗುವಷ್ಟು ಅಗಲ, ನದಿಯಿಂದ 238 ಅಡಿ ಎತ್ತರ. ಪಕ್ಕಕ್ಕೆ ತಡೆಕಂಬಿ ಬಂದದ್ದೂ ತೀರಾ ಇತ್ತೀಚಿಗೆ, 1980ರ ದಶಕದಲ್ಲಿ.

ರಸ್ತೆ ಕೆನಿಕಾಟ್ ನದಿಯ ದಡದಲ್ಲಿ ನಿಲ್ಲುತ್ತದೆ. ಕಾರು ಅಲ್ಲೇ ಬಿಟ್ಟು ನಡೆದು ಸೇತುವೆ ದಾಟಬೇಕು. ಈ ಕಾಲುಸೇತುವೆ 1997ರದ್ದು. ಅದಕ್ಕೂ ಮೊದಲು ತಂತಿಗೆ ತೂಗುಹಾಕಿದ ತೊಟ್ಟಿಲಲ್ಲಿ ಕೂತು, ಹಗ್ಗ ಕೈಯಿಂದ ಎಳೆದುಕೊಂಡು ದಾಟುತ್ತಿದ್ದರು. ಸಾಮಾನು, ಅಕ್ಕಿ, ನಾಯಿ, ಎಲ್ಲವೂ ಹಾಗೇ. ಸೇತುವೆಯ ಆಚೆ ಶಟಲ್ ವ್ಯಾನುಗಳು ಸಿಗುತ್ತವೆ, ಮೆಕಾರ್ಥಿಗೂ ಕೆನೆಕಾಟ್‌ಗೂ ಓಡಾಡುತ್ತವೆ. ಅತ್ತೆಯವರು ಸೇತುವೆಯಷ್ಟು ನಡೆದರೆ ಆಯಿತು. ಕೈಯಲ್ಲಿ ಒಂದು ಕೋಲಿರಲಿ.

ಅವರು ಏನೇನು ನೋಡಬಹುದು? ಕೆನೆಕಾಟ್‌ನ ಬೀದಿ, ಜನರಲ್ ಸ್ಟೋರು, ಅಂಚೆ ಕಚೇರಿ, ಕಾರ್ಮಿಕರ ಮನೆಗಳು, ಹೊರಗಿನಿಂದ ಮಿಲ್ಲು. ಇವಿಷ್ಟು ನಿಧಾನಕ್ಕೆ ನೋಡಿ ಹಿಮನದಿಯ ಕಡೆ ಮುಖ ಮಾಡಿ ಕೂತರೆ ಅರ್ಧ ದಿನ. ಮಿಲ್ಲಿನ ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಮೊದಲು ಗುಡ್ಡ ಹತ್ತಿ ತುದಿಗೆ ಹೋಗಿ, ಅದಿರು ಇಳಿದ ಹಾಗೇ ಕಡಿದಾದ ಮೆಟ್ಟಿಲಲ್ಲಿ ಇಳಿಯಬೇಕು. ಅದು ಅವರಿಗೆ ಬೇಡ. ರೂಟ್ ಹಿಮನದಿಗೆ ಕೆನೆಕಾಟ್‌ನಿಂದ 3 ಕಿ.ಮೀ. ಚಿಲ್ಲರೆ ನಡಿಗೆ. ಮಂಜಿನ ಮೇಲೆ ಕಾಲಿಡುವುದಾದರೆ ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಗೈಡ್ ಜೊತೆ ಹೋಗಿ. ಮಗ ತಾನೇ ಯೂಟ್ಯೂಬ್ ನೋಡಿ ಕಲಿತಿದ್ದೇನೆ ಅಂದರೆ ಒಪ್ಪಬೇಡಿ. ಮೇಲಿನ ಬೊನಾಂಜಾ ಗಣಿಯ ತನಕವೂ ಹತ್ತುವವರು ಇದ್ದಾರೆ. ಹೋಗಿ ಬರಲು ಪೂರ್ತಿ ದಿನ ಬೇಕು, 3,800 ಅಡಿ ಏರು. ನನಗೆ ಅರ್ಧಕ್ಕೇ ಏದುಸಿರು ಬಂತು, ಕೂತೆ, ಇಳಿದೆ.

ಊಟ. ಸಸ್ಯಾಹಾರ ಸಿಗುವುದೇ ಇಲ್ಲ ಅಂತಲ್ಲ, ಆದರೆ 3 ದಿನ ಬ್ರೆಡ್ಡು, ಆಲೂಗಡ್ಡೆ, ಎಲೆ ತಿಂದು ಅತ್ತೆಯವರು ಏನನ್ನುತ್ತಾರೆ ಅಂತ ನಿಮಗೇ ಗೊತ್ತು. ನಮ್ಮ ಕಡೆಯ ಕಟಕ ರೊಟ್ಟಿಗಿಂತ ಒಳ್ಳೇ ಪ್ರಯಾಣದ ಊಟ ಪ್ರಪಂಚದಲ್ಲಿ ಇಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ ಸಿಯಾಟಲ್‌ನಿಂದಲೇ ಕಟ್ಟಿಕೊಳ್ಳಿ. ಆದರೆ ಚಟ್ನಿಪುಡಿಯ ವಾಸನೆ ನಿಮಗೆ ಮಾತ್ರ ಇಷ್ಟ ಅಂದುಕೊಳ್ಳಬೇಡಿ, ಕರಡಿಗೂ ಇಷ್ಟ. ಡೇರೆಯಲ್ಲಿ, ಬಾಲ್ಕನಿಯಲ್ಲಿ ಡಬ್ಬಿ ಇಟ್ಟು ಮಲಗಬೇಡಿ. ಕರಡಿಗೆ ತೆರೆಯಲಾಗದ ಪೆಟ್ಟಿಗೆಗಳು ಇರುತ್ತವೆ, ಅದರಲ್ಲಿ ಇಡಿ. ಕರಡಿ ಓಡಿಸುವ ಸ್ಪ್ರೇಯನ್ನು ಆಂಕರೇಜ್‌ನಲ್ಲೇ ಕೊಳ್ಳಿ, ಪ್ರಯಾಣಿಕರ ವಿಮಾನದಲ್ಲಿ ಅದನ್ನು ಬಿಡುವುದಿಲ್ಲ.

ಮಿಕ್ಕಿದ್ದು ಚುಟುಕಾಗಿ. ಊರು ತೆರೆದಿರುವುದು ಮೇ ಕೊನೆಯಿಂದ ಸೆಪ್ಟೆಂಬರ್ ಅರ್ಧದವರೆಗೆ, ಆಮೇಲೆ ಬಹುತೇಕ ಬೀಗ. ಜೂನ್‌ನಲ್ಲಿ ರಾತ್ರಿ 11 ಆದರೂ ಬೆಳಕು, ಜೊತೆಗೆ ನಮ್ಮ ವಾಸ್ಕೋದ ಸೊಳ್ಳೆಗಳನ್ನು ನಾಚಿಸುವ ಸೊಳ್ಳೆ. ಫೋನ್ ಸಿಗ್ನಲ್ ನಂಬಬೇಡಿ. ನಗದು ಇರಲಿ. ಪೆಟ್ರೋಲನ್ನು ಡಾಂಬರು ರಸ್ತೆಯಲ್ಲೇ ಸಿಗುವ ಗ್ಲೆನಲೆನ್ ಊರಿನಲ್ಲೇ ತುಂಬಿಸಿ. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಆದರೆ ರೂಮು, ಗೈಡು, ವ್ಯಾನು ಎಲ್ಲ ದುಬಾರಿ. ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ಅದಕ್ಕೂ ಮೊದಲು ವೀಸಾ. ಗೋವಾದವರಿಗೆ ಮುಂಬೈ ಕಾನ್ಸುಲೇಟ್, ಸರದಿ ಉದ್ದ ಇರುತ್ತದೆ, ಇವತ್ತೇ ಅರ್ಜಿ ಹಾಕಿದರೂ ತಪ್ಪಿಲ್ಲ.

ಜುಲೈನಲ್ಲಿ ಹೋದರೆ ಒಂದು ಅದೃಷ್ಟ ಸಿಕ್ಕರೂ ಸಿಗಬಹುದು. ಮೇಲೆ ಹಿಡನ್ ಕ್ರೀಕ್ ಲೇಕ್ ಅಂತ ಒಂದು ಕೆರೆ, ಹಿಮನದಿಯೇ ಅದಕ್ಕೆ ಅಣೆಕಟ್ಟು. ಪ್ರತಿ ಬೇಸಿಗೆಯೂ ನೀರು ತುಂಬಿ, ಮಂಜಿನ ಅಡಿಯಿಂದ ದಾರಿ ಮಾಡಿಕೊಂಡು ಒಮ್ಮೆಲೇ ನುಗ್ಗುತ್ತದೆ. ನದಿ ಉಕ್ಕಿ, ಮಂಜಿನ ಬಂಡೆಗಳು ತೇಲಿ ಬರುತ್ತವೆ. ಊರಿನವರು ಕೆಲಸ ಬಿಟ್ಟು ಕಾಲುಸೇತುವೆಯ ಹತ್ತಿರ ಜಾತ್ರೆಯ ಹಾಗೆ ಸೇರುತ್ತಾರೆ. ದಿನ ಮಾತ್ರ ಯಾರೂ ಹೇಳಲಾರರು.

ಅಲ್ಲಿ ನಡೆದುಕೊಳ್ಳುವ ರೀತಿ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಗೋವಾದಲ್ಲಿ ಇರುವವರು ನೀವು. ಸಿನಿಮಾ ನೋಡಿಕೊಂಡು ಬಂದು, ಯಾರದೋ ಮನೆಯ ಬಣ್ಣದ ಗೋಡೆಗೆ ಒರಗಿ ಫೋಟೋ ತೆಗೆದುಕೊಳ್ಳುವವರನ್ನು ಪಣಜಿಯ ಫೊಂತೈನ್ಹಾಸ್‌ನಲ್ಲಿ ದಿನಾ ನೋಡುತ್ತೀರಿ. “ಇಲ್ಲಿ ನೋ ಫೋಟೋ” ಅಂತ ಬೋರ್ಡು ಹಾಕಿಕೊಂಡ ಮನೆಗಳೂ ಇವೆ. ಮೆಕಾರ್ಥಿಯಲ್ಲೂ ಅದೇ ಕಥೆ. ಕಾರ್ಯಕ್ರಮದಲ್ಲಿ ಬಂದವರ ಮನೆ ಯಾವುದು, ಅವರು ಎಲ್ಲಿ ಸಿಗುತ್ತಾರೆ ಅಂತ ಕೇಳಿಕೊಂಡು ಹೋಗಬೇಡಿ. ನಾನು ಹೋಟೆಲಿನ ಹುಡುಗಿಗೆ ಆ ಪ್ರಶ್ನೆ ಕೇಳಿದ್ದೆ, ನಾಚಿಕೆ ಇಲ್ಲದೆ. ಆಕೆ ನಕ್ಕಳು, ಆದರೆ ಆ ನಗು ನನಗೆ ಗೊತ್ತು. ಕಾಣಕೋಣದ ಬೀಚಿನಲ್ಲಿ ನಮ್ಮ ಗದಗಿನ ಹುಡುಗರು ಪ್ರವಾಸಿಗಳಿಗೆ ನಗುವ ನಗು ಅದು. ಅದರ ಬದಲು ನೀವು ಗಣಿಯ ಕಡೆಯಿಂದ ಬಂದವರು ಅಂತ ಹೇಳಿ. ನಾನು ಹಾಗೆ ಹೇಳಿದ ಮೇಲೆ ಸಂಜೆ 2 ಗಂಟೆ ಮಾತು ಮುಗಿಯಲಿಲ್ಲ. ಬಾರ್ಜ್, ಟಿಪ್ಪರ್, ಕೆಂಪು ಧೂಳು, ಎಲ್ಲ ಕೇಳಿದರು.

ಈಗ ನಿಮ್ಮ ಯಜಮಾನರ ಪ್ರಶ್ನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 2012ರ ಸೆಪ್ಟೆಂಬರಿನಲ್ಲಿ ಕೆಲಸ ನಿಂತಾಗ ಉಸಗಾಂವ್‌ನಿಂದ ಕುಡಚಡೆಯವರೆಗೆ ರಸ್ತೆ ಪಕ್ಕದಲ್ಲಿ ಟಿಪ್ಪರ್‌ಗಳು ಸಾಲಾಗಿ ನಿಂತವು. ಬಳ್ಳಿ ಹಬ್ಬಿದ್ದನ್ನು ನಾನೇ ನೋಡಿದ್ದೇನೆ. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. 2014ರಲ್ಲಿ ನಿಷೇಧ ತೆರವಾಯಿತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ 88 ಗುತ್ತಿಗೆಗಳು ಒಟ್ಟಿಗೆ ನಿಂತವು. ನಮ್ಮ ಕಡೆಯಿಂದ ಬಂದ ಎಷ್ಟೋ ಜನ ಹಾಸಿಗೆ ಸುತ್ತಿಕೊಂಡು ಊರಿಗೆ ವಾಪಸು ಹೋದರು. ಅದೂ ಒಂದು ಕೊನೆಯ ರೈಲೇ.

ಆದರೆ ನಮ್ಮ ಗೋವಾ ಕೆನೆಕಾಟ್ ಆಗಲ್ಲ. ಅಲ್ಲಿ ಕಂಪನಿ ಹೋಯಿತು, ಜನ ಹೋದರು, ತಾಮ್ರವೂ ಮುಗಿದಿತ್ತು. ಯಾರೂ ವಾಪಸು ಬರುವ ಮಾತಿರಲಿಲ್ಲ. ನಮ್ಮಲ್ಲಿ ಅದಿರು ಇನ್ನೂ ಇದೆ. ಹರಾಜು ನಡೆದು ಬಿಚೋಲಿ ಕಡೆ 2024ರಲ್ಲಿ ಮತ್ತೆ ಕೆಲಸ ಶುರುವಾಗಿದೆ. ನಾಳೆ ಬ್ಲಾಸ್ಟಿಂಗ್ ಮಾಡುವ ಜಾಗದಲ್ಲಿ ಇವತ್ತು ಮ್ಯೂಸಿಯಂ ಯಾರು ಕಟ್ಟುತ್ತಾರೆ?

ಎರಡನೆಯದು, ತೋರಿಸಲು ಏನಿದೆ? ಕೆನೆಕಾಟ್‌ನಲ್ಲಿ ಕಟ್ಟಡ ಇದೆ. ನಮ್ಮದು ತೆರೆದ ಗಣಿ. ನಾವು ಬಿಟ್ಟಿದ್ದು ಗುಂಡಿ ಮತ್ತು ಡಂಪ್. ಪ್ಲಾಂಟುಗಳೆಲ್ಲ ಬೋಲ್ಟು ಬಿಚ್ಚಿ ಗುಜರಿಗೆ ಹಾಕುವಂಥವು. ಇಲ್ಲಿನ ಗಣಿಗಳು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿದಂಥವು. ಪಂಪ್ ನಿಂತ ಮೇಲೆ ಎರಡು ಮಳೆಗಾಲದಲ್ಲಿ ಗುಂಡಿ ತುಂಬಿ ಹಸಿರು ಕೆರೆ ಆಗುತ್ತದೆ. ನೋಡಲು ಚಂದ. ಹುಡುಗರು ಡ್ರೋನ್ ಹಾರಿಸಿ ರೀಲ್ಸ್ ಹಾಕುತ್ತಾರೆ. ಆದರೆ ಅದರ ದಂಡೆ ಕಡಿದಾದ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುತ್ತದೆ, ಲ್ಯಾಟರೈಟ್ ಮತ್ತು ಜೇಡಿ ಮಣ್ಣು ನೆನೆದು ಜಾರುತ್ತದೆ. ನಾನಂತೂ ನನ್ನ ಮೊಮ್ಮಗನನ್ನು ಅದರ ಹತ್ತಿರ ಬಿಡಲ್ಲ. ಟಿಕೆಟ್ ಹರಿದು ಇನ್ನೊಬ್ಬರ ಮಕ್ಕಳನ್ನು ಹೇಗೆ ಬಿಡಲಿ?

ಕೆಜಿಎಫ್ ವಿಷಯ ಬೇರೆ. ಅದು ಕೆನೆಕಾಟ್‌ಗೆ ನಿಜವಾಗಿ ಹೋಲುವ ಊರು, ನಮ್ಮ ರಾಜ್ಯದಲ್ಲೇ ಇದೆ. ಕಂಪನಿ ಕಟ್ಟಿದ ಊರು, ಬಂಗಲೆಗಳು, ಕ್ಲಬ್ಬು, 1902ರಲ್ಲೇ ಶಿವನಸಮುದ್ರದಿಂದ ಬಂದ ಕರೆಂಟು, 3 ಕಿ.ಮೀ.ಗೂ ಆಳದ ಚಾಂಪಿಯನ್ ರೀಫ್ ಗಣಿ. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿ ಜನ ಮಾತ್ರ ಹೋಗಲಿಲ್ಲ. ಇವತ್ತೂ ಕಾರ್ಮಿಕರ ಕುಟುಂಬಗಳು ಅದೇ ಲೈನ್ ಮನೆಗಳಲ್ಲಿ ಇವೆ, ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬದ ಧೂಳು ಗಾಳಿಗೆ ಅವರ ಮನೆಯೊಳಗೇ ಬರುತ್ತದೆ. ಅಲ್ಲಿ ಪ್ರವಾಸೋದ್ಯಮ ಮಾಡುವುದಾದರೆ ಆ ಜನರೇ ಗೈಡ್ ಆಗಿ, ಆ ದುಡ್ಡು ಅವರ ಕೈಗೇ ಹೋಗಬೇಕು. ದಿಬ್ಬವನ್ನು ಮೊದಲು ಗಟ್ಟಿ ಮಾಡಬೇಕು. ಅದಾಗದೆ ಹೊರಗಿನವರು ಬಂದು ಫೋಟೋ ತೆಗೆದುಕೊಂಡು ಹೋದರೆ ಅವರಿಗೆ ಉಳಿಯುವುದು ಧೂಳೇ.

ಮತ್ತೆ ದುಡ್ಡಿನ ಲೆಕ್ಕ. ಯಜಮಾನರಿಗೆ ಹೇಳಿ, ಮೆಕಾರ್ಥಿಯವರು ಗಣಿ ತೋರಿಸಿ ಶ್ರೀಮಂತರಾಗಿಲ್ಲ. ವರ್ಷಕ್ಕೆ ಸುಮಾರು 110 ದಿನದ ದುಡಿಮೆ, ಮಿಕ್ಕ ದಿನ ಕಟ್ಟಿಗೆ ಒಡೆಯುವುದು. ಬರುವ ಜನ ನೂರಾರು ಟಿಪ್ಪರ್‌ನವರ ಹೊಟ್ಟೆ ತುಂಬಿಸುವಷ್ಟಲ್ಲ. ನಮ್ಮ ಕಡೆ ಏನಾದರೂ ಮಾಡುವುದಾದರೆ ನನಗೆ ಕಾಣುವುದು ಗುಂಡಿ ಅಲ್ಲ, ನದಿ. ಮಾಂಡವಿ, ಜುವಾರಿಯಲ್ಲಿ ಅದಿರು ಹೊತ್ತ ಬಾರ್ಜ್‌ಗಳು, ಅದನ್ನು ನಡೆಸಿದ ಹಳೇ ತಾಂಡೇಲರು, ಲೋಡಿಂಗ್ ಜೆಟ್ಟಿಗಳು ಇನ್ನೂ ಇವೆ. ಒಂದು ಬಾರ್ಜ್‌ನಲ್ಲಿ ಹತ್ತಿಸಿ, ಉಸಗಾಂವ್ ಕಡೆಯಿಂದ ಮುರಗಾಂವ್ ತನಕ ಅದಿರು ಹೋದ ದಾರಿಯಲ್ಲೇ ಕರೆದುಕೊಂಡು ಹೋಗಿ, ನಿಮ್ಮ ಯಜಮಾನರಂಥವರು ಮೈಕ್ ಹಿಡಿದು ಹೇಳಿದರೆ ನಾನು ಮೊದಲ ಟಿಕೆಟ್ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಟಿಪ್ಪರ್‌ನ ಕಂತು ತೀರುತ್ತದೆ ಅಂತ ಮಾತ್ರ ಹೇಳಲಾರೆ.

ಕೊನೆಗೆ ಒಂದು ಸಣ್ಣ ಕೆಲಸ. ಆಂಕರೇಜ್‌ನಲ್ಲಿ ಕಾರು ಕೈಗೆ ಬಂದ ಕೂಡಲೇ ಡಿಕ್ಕಿ ತೆಗೆದು ಸ್ಟೆಪ್ನಿ ಪೂರ್ತಿ ಅಳತೆಯದ್ದಾ, ಜಾಕ್ ಇದೆಯಾ, ಪಾನಾ ನಟ್ಟಿಗೆ ಹಿಡಿಯುತ್ತದಾ ಅಂತ ಯಜಮಾನರು ತಾವೇ ನೋಡಲಿ. ನಮಗೆ ಕೊಟ್ಟ ಕಾರಿನಲ್ಲಿ ಜಾಕ್ ಇತ್ತು, ತಿರುಗಿಸುವ ಹಿಡಿ ಇರಲಿಲ್ಲ.